ಪೋಲಿಷ್ ಅಂಗಡಿಯಲ್ಲಿ ಹುಳಿ ಸೌತೆಕಾಯಿ ಸಾರಿಗೆ ಏನು ಕೇಳಬೇಕು?

ತುಂಗಾತೀರ, ಪೀಟರ್‌ಬರೋ

ನಮಸ್ಕಾರ. ಇದು ನನ್ನ ಅಡುಗೆಮನೆಯ ಪ್ರಶ್ನೆಯಲ್ಲ, ಪಕ್ಕದ ಮನೆಯ ಹಿರಿಯರದು. ಇಂಗ್ಲೆಂಡಿನ ಬೇರೆ ಬೇರೆ ಊರುಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರು ಇಲ್ಲಿ ಬಹಳ ಮಂದಿ ಇದ್ದೀರಿ. ಯಾರಿಗಾದರೂ ತಿಳಿದಿರಬಹುದು ಎಂದು ಕೇಳುತ್ತಿದ್ದೇನೆ.

ನಮ್ಮ ಮನೆ ಲಿಂಕನ್ ರಸ್ತೆಯಿಂದ ಐದು ನಿಮಿಷದ ನಡಿಗೆ. ಆ ರಸ್ತೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಒಂದು ಪೋಲಿಷ್ ಅಂಗಡಿ, ಅದರಾಚೆ ಲಿಥುವೇನಿಯಾದವರದು, ಇನ್ನೊಂದು ಪೋರ್ಚುಗೀಸರದು, ನಡುನಡುವೆ ನಾವು ಬೇಳೆ, ಮೆಂತ್ಯದ ಸೊಪ್ಪು ತರುವ ಪಾಕಿಸ್ತಾನಿ ಅಂಗಡಿಗಳು. ಪಕ್ಕದ ಮನೆಯವರಿಗೆ ಈಗ 78 ವರ್ಷ. ಇದೇ ಊರಿನಲ್ಲಿ ಹುಟ್ಟಿ ಬೆಳೆದವರು. ಅವರ ತಂದೆ ಇಲ್ಲಿನ ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿದವರು. 1950ರ ದಶಕದಲ್ಲಿ ಆ ಕಾರ್ಖಾನೆಗಳಿಗೆ ಇಟಲಿಯಿಂದ ಕೆಲಸಗಾರರನ್ನು ಕರೆಸಿಕೊಂಡಿದ್ದರು. ಆಗ ಇಲ್ಲಿನವರಿಗೆ ಆಲಿವ್ ಎಣ್ಣೆ ಎಂದರೆ ಔಷಧದ ಅಂಗಡಿಯಲ್ಲಿ ಪುಟ್ಟ ಸೀಸೆಯಲ್ಲಿ ಸಿಗುವ, ಕಿವಿಗೆ ಬಿಡುವ ಎಣ್ಣೆ. ಇಟಲಿಯವರು ಅದರಲ್ಲಿ ಅಡುಗೆ ಮಾಡುತ್ತಾರೆ ಎಂದು ತಂದೆ ಬಂದು ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲವಂತೆ.

ಅವರ ಪತ್ನಿ ಹೋದ ವರ್ಷ ತೀರಿಕೊಂಡರು. ಕೊನೆಯ ಎಂಟು ತಿಂಗಳು ಅವರನ್ನು ನೋಡಿಕೊಳ್ಳಲು ಪೋಲೆಂಡಿನ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಬಾಯಿಗೆ ಏನೂ ರುಚಿಸದೇ ಹೋದಾಗ ಆಕೆ ತನ್ನ ಮನೆಯಿಂದ ಗಾಜಿನ ಜಾಡಿಯಲ್ಲಿ ಒಂದು ಸಾರು ತರುತ್ತಿದ್ದಳು. ಅದನ್ನು ಮಾತ್ರ ಅವರು ಅರ್ಧ ಬಟ್ಟಲು ಕುಡಿಯುತ್ತಿದ್ದರು. ಹುಳಿಯಾಗಿತ್ತು, ಹಾಲು ಬೆರೆಸಿದ ಹಾಗೆ ಮಬ್ಬು ಬಿಳುಪಾಗಿತ್ತು, ಒಳಗೆ ಆಲೂಗಡ್ಡೆ, ಎಳೆಎಳೆಯಾದ ಸೌತೆಕಾಯಿ, ಮೇಲೆ ಸಬ್ಬಸಿಗೆ ಸೊಪ್ಪು ಇತ್ತು. ಇಷ್ಟು ಅವರ ನೆನಪು. ಹೆಸರು ಕೇಳಿಟ್ಟುಕೊಂಡಿಲ್ಲ. ಆ ಹೆಣ್ಣುಮಗಳು ತನ್ನ ದೇಶಕ್ಕೆ ಮರಳಿದ್ದಾಳೆ. ಈಗ ಇವರಿಗೆ ಆ ಸಾರನ್ನು ಸ್ವತಃ ಮಾಡಬೇಕೆಂಬ ಆಸೆ.

ಹೋದ ಶನಿವಾರ ನನ್ನನ್ನು ಜೊತೆಗೆ ಕರೆದರು. 2004ರಲ್ಲಿ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಒಂದೊಂದಾಗಿ ತೆರೆದ ಅಂಗಡಿಗಳಿವು. ಇಷ್ಟು ವರ್ಷ ದಿನವೂ ಪತ್ರಿಕೆ ತರಲು ಅದೇ ಬಾಗಿಲ ಮುಂದೆ ನಡೆದುಹೋದವರು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಏಕೆಂದು ಕೇಳಿದೆ. “ಅದು ನನಗಾಗಿ ಇಟ್ಟ ಅಂಗಡಿಯಲ್ಲ ಎಂದುಕೊಂಡಿದ್ದೆ” ಎಂದರು.

ಒಳಗೆ ಹೊಗೆಯಾಡಿಸಿದ ಮಾಂಸದ ವಾಸನೆ, ಜನವೋ ಜನ. ಒಂದು ಗೋಡೆಯ ಉದ್ದಕ್ಕೂ ಸೌತೆಕಾಯಿ ಜಾಡಿಗಳೇ! ಎಲ್ಲದರ ಮೇಲೂ ಸೌತೆಕಾಯಿಯ ಚಿತ್ರ, ಎಲ್ಲದರೊಳಗೂ ಸಬ್ಬಸಿಗೆಯ ಹೂಗೊಂಚಲು. ನೋಡಲು ಚೆನ್ನಾಗಿದ್ದ ಒಂದನ್ನು ತಂದೆವು. ತುರಿದು, ಆಲೂಗಡ್ಡೆಯ ಜೊತೆಗೆ ಹಾಕಿ ಕುದಿಸಿದೆವು. ಸಾರು ಸಿಹಿಸಿಹಿಯಾಗಿ, ವಿನೆಗರಿನ ಘಾಟು ಹೊಡೆಯಿತು. ಮುಕ್ಕಾಲು ಗಂಟೆ ಬೇಯಿಸಿದರೂ ಆಲೂಗಡ್ಡೆ ಕಟಕಟ ಎನ್ನುತ್ತಿತ್ತು. ಅವರು ಎರಡು ಚಮಚ ಕುಡಿದು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಆ ಮುಖ ನೋಡಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಆ ಸಾರು ಯಾವುದು? ಯಾವ ಜಾಡಿ ಕೇಳಬೇಕು? ನಾನು ಸಸ್ಯಾಹಾರಿ, ಮಾಡುವಾಗ ರುಚಿ ನೋಡಬೇಕಾಗುತ್ತದೆ. ಅದಕ್ಕೆ ಏನನ್ನು ಗಮನಿಸಬೇಕು?

—

ಕಲ್ಪತರು ನಾಡಿನವನು, ಸ್ಲೌ

ನೀವು ಹೇಳಿದ ಸಾರಿನ ಹೆಸರು ಜೂಪಾ ಒಗುರ್ಕೋವಾ. ಒಗುರೆಕ್ ಎಂದರೆ ಸೌತೆಕಾಯಿ. ಪೋಲೆಂಡಿನ ಮನೆಮನೆಯಲ್ಲಿ ಮಾಡುವ ಸಾರು ಅದು, ನಮ್ಮಲ್ಲಿ ತಿಳಿಸಾರು ಇದ್ದ ಹಾಗೆ. ಹುಷಾರಿಲ್ಲದವರಿಗೆ ಆಕೆ ಅದನ್ನೇ ತಂದುಕೊಟ್ಟಿದ್ದು ಸಹಜ.

ನೀವು ತಂದ ಜಾಡಿಯೇ ತಪ್ಪು. ಸೌತೆಕಾಯಿ ಜಾಡಿಗಳಲ್ಲಿ ಎರಡು ಕುಲ. ಒಂದು ‘ಕಿಶೋನೆ’: ಚೀಟಿಯ ಮೇಲೆ ಕೆ, ಐ, ಎಸ್, ಝಡ್ ಎಂದು ಶುರುವಾಗುತ್ತದೆ. ಇದರಲ್ಲಿ ಸೌತೆಕಾಯಿಯನ್ನು ಬರಿಯ ಉಪ್ಪುನೀರಿನಲ್ಲಿ ಮುಳುಗಿಸಿ ತಾನಾಗಿ ಹುಳಿ ಬರಲು ಬಿಟ್ಟಿರುತ್ತಾರೆ. ಇಡ್ಲಿ ಹಿಟ್ಟನ್ನು ರಾತ್ರಿ ಹುಳಿಗೆ ಬಿಡುತ್ತೇವಲ್ಲ, ಅದೇ ಜಾತಿಯ ಸೂಕ್ಷ್ಮಜೀವಿಗಳ ಕೆಲಸ. ನೀರು ಮಬ್ಬಾಗಿರುತ್ತದೆ, ತಳದಲ್ಲಿ ಬಿಳಿಯ ಗಸಿ ನಿಂತಿರುತ್ತದೆ. ಕೆಟ್ಟಿದೆ ಎಂದು ಹೆದರಬೇಡಿ, ಮಬ್ಬಾದಷ್ಟೂ ಒಳ್ಳೆಯದು. ಇನ್ನೊಂದು ‘ಕೊನ್ಸೆರ್ವೋವೆ’: ಕೆ, ಒ, ಎನ್ ಎಂದು ಶುರು. ಇದು ವಿನೆಗರ್, ಸಕ್ಕರೆ ಹಾಕಿದ್ದು, ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ರೊಟ್ಟಿಯ ಜೊತೆ ಕಚ್ಚಿ ತಿನ್ನಲು ಚೆನ್ನ, ಸಾರಿಗೆ ಬಾರದು. ಸಾಮಗ್ರಿಗಳ ಪಟ್ಟಿಯಲ್ಲಿ ಒ, ಸಿ, ಇ, ಟಿ ಎಂಬ ನಾಲ್ಕಕ್ಷರದ ಪದ ಕಂಡರೆ ಅದೇ ವಿನೆಗರ್. ಮುಂದೆ ನೋಡಬೇಕಾಗಿಲ್ಲ, ಕೆಳಗಿಡಿ.

ಆಲೂಗಡ್ಡೆ ಬೇಯದಿದ್ದಕ್ಕೆ ಕಾರಣ ನಿಮಗೆ ಗೊತ್ತೇ ಇದೆ. ಹುಣಸೆರಸ ಮೊದಲೇ ಹಾಕಿಬಿಟ್ಟರೆ ಹುಳಿಯ ತರಕಾರಿ ಬೇಯುತ್ತದೆಯೇ? ಇಲ್ಲಿಯೂ ಅದೇ ಲೆಕ್ಕ. ಮೊದಲು ಆಲೂಗಡ್ಡೆ, ಕ್ಯಾರೆಟ್ ಪೂರ್ತಿ ಮೆತ್ತಗಾಗಬೇಕು. ಆಮೇಲೆ ತುರಿದ ಸೌತೆಕಾಯಿಯನ್ನು ಬೆಣ್ಣೆಯಲ್ಲಿ ಐದು ನಿಮಿಷ ಬಾಡಿಸಿ ಸೇರಿಸಬೇಕು. ನಾಲ್ಕು ಜನಕ್ಕೆ ಅರ್ಧ ಕಿಲೋ ಆಲೂಗಡ್ಡೆ, ನಾಲ್ಕೈದು ಸೌತೆಕಾಯಿ, ಒಂದೂವರೆ ಲೀಟರ್ ನೀರು ಸಾಕು. ಉಪ್ಪನ್ನು ಕೊನೆಯಲ್ಲಿ ನೋಡಿಕೊಂಡು ಹಾಕಿ, ಸೌತೆಕಾಯಿಯಲ್ಲೇ ಬೇಕಾದಷ್ಟು ಇರುತ್ತದೆ.

ಬಿಳುಪು ಬರುವುದು ಶ್ಮ್ಯೆತಾನಾ ಎಂಬ ಹುಳಿಗೆನೆಯಿಂದ. ಸಾರಿಗೆ ಶೇಕಡಾ 18 ಎಂದು ಬರೆದದ್ದನ್ನು ತೆಗೆದುಕೊಳ್ಳಿ. ಅದರ ಪಕ್ಕದಲ್ಲೇ ‘ಶ್ಮ್ಯೆತಾನ್ಕಾ’ ಇರುತ್ತದೆ, ಹೆಸರಿನ ಕೊನೆಯಲ್ಲಿ ಒಂದು ಕೆ ಹೆಚ್ಚು. ಅದು ಹುಳಿಯಿಲ್ಲದ ಸಾದಾ ಕೆನೆ. ಮೋಸಹೋಗಬೇಡಿ. ಹುಳಿಗೆನೆಯನ್ನು ನೇರವಾಗಿ ಸುರಿದರೆ ಒಡೆಯುತ್ತದೆ. ಬಟ್ಟಲಿನಲ್ಲಿ ಎರಡು ಸೌಟು ಬಿಸಿ ಸಾರಿನ ಜೊತೆ ಕಲಸಿ, ಹದವಾದ ಮೇಲೆ ಪಾತ್ರೆಗೆ ಹಾಕಿ, ಮತ್ತೆ ಕುದಿಸಬೇಡಿ. ಮಜ್ಜಿಗೆ ಹುಳಿ ಮಾಡುವ ಕೈಗೆ ಇದು ಹೊಸದಲ್ಲ.

ಸಸ್ಯಾಹಾರದ ವಿಷಯ ನಾನು ಕಷ್ಟಪಟ್ಟು ಕಲಿತದ್ದು. ಬಂದ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಕೈಯಲ್ಲಿ ಮಾಡಿದ ‘ಪ್ಯೆರೋಗಿ ರುಸ್ಕ್ಯೆ’ ಸಿಗುತ್ತಿತ್ತು, ಆಲೂಗಡ್ಡೆ ಮತ್ತು ಚೀಸ್ ಹೂರಣದ ಕಡುಬು. ಒಳಗೆ ಮಾಂಸವಿಲ್ಲ ಎಂದು ಖಾತ್ರಿ ಮಾಡಿಕೊಂಡು ತಿನ್ನುತ್ತಿದ್ದೆ. ಮೇಲೆ ಉದುರಿಸಿದ್ದ ಕಂದು ಚೂರುಗಳನ್ನು ಹುರಿದ ಈರುಳ್ಳಿ ಎಂದು ತಿಳಿದಿದ್ದೆ. ಅವು ಹಂದಿಯ ಕೊಬ್ಬಿನ ಚೂರುಗಳು. ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅವರದು ತಪ್ಪಲ್ಲ, ನಾನು ಕೇಳಲಿಲ್ಲ. ಆದ್ದರಿಂದ ಈ ಪದಗಳನ್ನು ಬರೆದಿಟ್ಟುಕೊಳ್ಳಿ: ಸ್ಮಾಲೆತ್ಸ್ ಅಂದರೆ ಹಂದಿ ಕೊಬ್ಬು, ಬೋಚೆಕ್ ಮತ್ತು ಸ್ಕ್ವಾರ್ಕಿ ಕೂಡ ಹಂದಿಯದೇ, ಝೆಲಾತಿನಾ ಅಂದರೆ ಜೆಲಟಿನ್, ಕೆಲವು ಮೊಸರುಗಳಲ್ಲೂ ಇರುತ್ತದೆ, ಪೊಡ್ಪುಷ್ಚ್ಕಾ ಅಂದರೆ ಚೀಸ್ ಮಾಡಲು ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್, ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದದ್ದು. ಬ್ರಿಟನ್ನಿನಲ್ಲಿ ಮಾರುವ ಪೊಟ್ಟಣದ ಮೇಲೆ ವಿವರ ಇಂಗ್ಲಿಷಿನಲ್ಲೂ ಇರಬೇಕೆಂಬುದು ಕಾನೂನು. ಹಿಂಬದಿಯಲ್ಲಿ ಅಂಟಿಸಿದ ಬಿಳಿ ಚೀಟಿಯನ್ನು ಹುಡುಕಿ.

ಒಂದು ಮಾತು ಸೇರಿಸಬೇಕು. ನಮ್ಮ ತುಮಕೂರಿನ ಕಡೆ 1990ರ ದಶಕದಿಂದ ರೈತರು ಗುತ್ತಿಗೆಯ ಮೇಲೆ ಮಿಡಿಸೌತೆ ಬೆಳೆದು ಕಂಪನಿಗಳಿಗೆ ಕೊಡುತ್ತಾರೆ. ಅದು ಡ್ರಮ್ಮುಗಳಲ್ಲಿ ಯುರೋಪಿಗೆ ಬರುತ್ತದೆ. ನನ್ನ ಚಿಕ್ಕಪ್ಪನೂ ಬೆಳೆಯುತ್ತಾರೆ. ಬೆರಳುದ್ದಕ್ಕಿಂತ ದಪ್ಪವಾದರೆ ಬೆಲೆ ಇಳಿಯುತ್ತದೆಂದು ಬೆಳಗಿನ ಜಾವಕ್ಕೇ ಎದ್ದು ಕೊಯ್ಯುತ್ತಿದ್ದರು. ಇಲ್ಲಿನ ಜಾಡಿಗಳನ್ನು ನೋಡಿದಾಗಲೆಲ್ಲ ಅವರ ಮುಳ್ಳು ತರಚಿದ ಕೈ ಕಣ್ಣಮುಂದೆ ಬರುತ್ತದೆ.

—

ಶನಿವಾರದ ಗಲ್ಲಾ, ರೀಡಿಂಗ್

ಮೇಲಿನವರು ಜಾಡಿಯ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಪದಗಳ ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಲ್ಲುವುದಕ್ಕಿಂತ ಒಂದು ಮಾತು ಕೇಳುವುದು ಮೇಲು. ಓದುತ್ತಿದ್ದಾಗ ಎರಡು ವರ್ಷ ಶನಿವಾರಗಳಲ್ಲಿ ನಾನು ಒಂದು ಪೋಲಿಷ್ ಅಂಗಡಿಯ ಗಲ್ಲಾದಲ್ಲಿ ಕೆಲಸ ಮಾಡಿದ್ದೇನೆ. ಈ ಊರಿನ ಇಂಗ್ಲಿಷರು ಒಳಗೆ ಬರುವುದನ್ನು ಬಾಗಿಲ ಕಡೆಯಿಂದಲೇ ಗುರುತಿಸುತ್ತಿದ್ದೆ. ಚೀಲವನ್ನು ಎದೆಗೆ ಅವುಚಿಕೊಂಡು ನೇರವಾಗಿ ಬ್ರೆಡ್ ಇರುವಲ್ಲಿಗೆ ಹೋಗುತ್ತಿದ್ದರು. ಬ್ರೆಡ್ ಅವರಿಗೆ ಗೊತ್ತಿರುವ ವಸ್ತು. ಅದೊಂದನ್ನೇ ತಂದು, ಕ್ಷಮಿಸಿ ಎನ್ನುವ ಹಾಗೆ ನಕ್ಕು, ದುಡ್ಡು ಕೊಟ್ಟು ಹೊರಟುಬಿಡುತ್ತಿದ್ದರು. ಮಾಂಸದ ಕೌಂಟರಿನ ಹತ್ತಿರ ಸುಳಿಯುತ್ತಲೂ ಇರಲಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳಬೇಕಲ್ಲ.

ಅಂಗಡಿಯ ಒಡತಿಗೆ ಅದು ನೋವಾಗುತ್ತಿತ್ತು. “ಏನು ಬೇಕೆಂದು ಕೇಳಿದರೆ ನಾನು ಕತ್ತರಿಸಿ ರುಚಿ ತೋರಿಸುತ್ತೇನೆ, ಇವರು ನನ್ನನ್ನು ಯಾಕೆ ಕೇಳುವುದಿಲ್ಲ?” ಎನ್ನುತ್ತಿದ್ದರು. ಒಬ್ಬ ಮುದುಕರು ಒಂದು ದಿನ ಧೈರ್ಯ ಮಾಡಿ ಪಕ್ಕದವರು ಹೇಳಿದಂತೆಯೇ ‘ಹತ್ತು ದೆಕೋ’ ಎಂದು ಬೆರಳು ತೋರಿಸಿದರು. ಪೋಲೆಂಡಿನವರು ಕೌಂಟರಿನಲ್ಲಿ ಗ್ರಾಮ್ ಲೆಕ್ಕ ಹೇಳುವುದಿಲ್ಲ, ದೆಕೋ ಎನ್ನುತ್ತಾರೆ. ಒಂದು ದೆಕೋ ಎಂದರೆ ಹತ್ತು ಗ್ರಾಮ್. ಆ ಮುದುಕರ ಬಾಯಿಂದ ಆ ಮಾತು ಕೇಳಿ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಒಡತಿ ಕೆಂಪಾಗಿ ನಕ್ಕುಬಿಟ್ಟರು. ಆಮೇಲೆ ಅವರು ಪ್ರತಿ ವಾರ ಬರುತ್ತಿದ್ದರು.

ನಿಮ್ಮ ಹಿರಿಯರನ್ನು ಶನಿವಾರ ಕರೆದುಕೊಂಡು ಹೋಗಬೇಡಿ. ಶುಕ್ರವಾರ ಸಂಜೆ, ಶನಿವಾರ ಇಡೀ ದಿನ ಉಸಿರಾಡಲು ಬಿಡುವಿರುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ಮೂರು ನಾಲ್ಕು ದಿನವಂತೂ ಬೇಡವೇ ಬೇಡ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಹತ್ತರ ನಂತರ ಹೋಗಿ. ‘ಜೆನ್ ದೊಬ್ರಿ’ ಎಂದು ನಮಸ್ಕಾರ ಹೇಳಿ, ‘ಒಗುರ್ಕೋವಾ’ ಎಂದಷ್ಟೇ ಹೇಳಲಿ. ಉಳಿದದ್ದನ್ನು ಅವರೇ ಹುಡುಕಿಕೊಡುತ್ತಾರೆ. ತಾನು ಮಾಡುವ ಸಾರಿನ ಹೆಸರನ್ನು ಇನ್ನೊಬ್ಬರು ಕೇಳಿದಾಗ ಸುಮ್ಮನಿರುವ ಹೆಂಗಸು ಯಾವ ದೇಶದಲ್ಲೂ ಇಲ್ಲ.

ತುಂಗಾತೀರ ಅವರೇ, ನಿಮಗೆ ಬೇಕಾದದ್ದೂ ಅಲ್ಲಿ ಬಹಳ ಇದೆ. ಕಾಶಾ ಮಾನ್ನಾ ಎಂದರೆ ಸಣ್ಣ ರವೆ. ಮಾಕ್ ಎಂದರೆ ಗಸಗಸೆ, ಅವರದು ನೀಲಿಗಪ್ಪು ಬಣ್ಣದ್ದು. ಮಾಶ್ಲಾಂಕಾ ಎಂದರೆ ಮಜ್ಜಿಗೆ. ಸಬ್ಬಸಿಗೆಯ ಕಟ್ಟು ಅಲ್ಲಿ ಸಿಗುವಷ್ಟು ದಪ್ಪ, ತಾಜಾ ಬೇರೆಲ್ಲೂ ನಾನು ಕಂಡಿಲ್ಲ.

—

ಬಯಲುಸೀಮೆ, ಬಾಸ್ಟನ್

ಅಮೆರಿಕದ ಬಾಸ್ಟನ್ ಅಲ್ಲ, ಲಿಂಕನ್‌ಶೈರಿನದು. ಹೆಸರು ಕೇಳಿದವರಿಗೆ ನಮ್ಮ ಊರು ನೆನಪಾಗುವುದು 2016ರ ಜನಮತದಿಂದ. ಯುರೋಪಿಯನ್ ಒಕ್ಕೂಟ ಬಿಡಬೇಕು ಎಂದು ಇಲ್ಲಿ ಶೇಕಡಾ 75.6 ಮತ ಬಿತ್ತು, ಇಡೀ ದೇಶದಲ್ಲೇ ಹೆಚ್ಚು. ವೆಸ್ಟ್ ಸ್ಟ್ರೀಟಿನ ತುಂಬ ಪೂರ್ವ ಯುರೋಪಿನವರ ಅಂಗಡಿಗಳು. ಅವುಗಳ ಮುಂದೆ ಬಿರುಸಾಗಿ ಹೆಜ್ಜೆ ಹಾಕುವ ಸ್ಥಳೀಯರನ್ನು ನಾನು ದಿನವೂ ನೋಡಿದ್ದೇನೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 6,12,000 ಮಂದಿ ಪೋಲಿಷ್ ತಮ್ಮ ಮುಖ್ಯ ಭಾಷೆ ಎಂದು ಬರೆಸಿದರು. ಇಂಗ್ಲಿಷ್ ಮತ್ತು ವೆಲ್ಷ್ ಬಿಟ್ಟರೆ ಅಷ್ಟು ದೊಡ್ಡದು ಬೇರೆ ಯಾವುದೂ ಇಲ್ಲ. ಅಷ್ಟು ಜನ ಅಕ್ಕಪಕ್ಕದಲ್ಲಿದ್ದೂ ಅವರ ಊಟ ಏನೆಂದು ಗೊತ್ತಿಲ್ಲದೆ ಬದುಕುವುದು ನನಗೆ ಬಹಳ ದುಃಖದ ಸಂಗತಿಯಾಗಿ ಕಾಣುತ್ತದೆ.

ಗಲ್ಲಾದ ಸೋದರಿಯ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕೇಳಲು ಧೈರ್ಯ ಬರಬೇಕಾದರೆ ಮೊದಲು ನಾಲಿಗೆಗೆ ರುಚಿ ತಾಗಿರಬೇಕು. ನಾನು ತರಕಾರಿ ಪ್ಯಾಕಿಂಗ್ ಘಟಕದಲ್ಲಿದ್ದೇನೆ. ನಮ್ಮ ಮೇಲ್ವಿಚಾರಕರು ಇಲ್ಲಿಯೇ ಹುಟ್ಟಿದವರು. ಒಂದು ಜುಲೈ ತಿಂಗಳ ಸೆಕೆಯಲ್ಲಿ ಲಿಥುವೇನಿಯಾದ ಹುಡುಗಿಯರು ಡಬ್ಬಿಯಲ್ಲಿ ಕಡುಗುಲಾಬಿ ಬಣ್ಣದ ತಣ್ಣನೆಯ ಸಾರು ತಂದಿದ್ದರು. ಕೆಫೀರ್ ಎಂಬ ಮಜ್ಜಿಗೆಯಂಥ ಹುಳಿಹಾಲು, ಬೀಟ್‌ರೂಟ್, ಸೌತೆಕಾಯಿ, ಸಬ್ಬಸಿಗೆ, ಮೊಟ್ಟೆ ಹಾಕಿದ್ದು. ಪಕ್ಕದಲ್ಲಿ ಬಿಸಿ ಆಲೂಗಡ್ಡೆ. ಮೇಲ್ವಿಚಾರಕರು ಬಣ್ಣ ನೋಡಿಯೇ ಹಿಂದೆ ಸರಿದರು. ಆ ಹುಡುಗಿ ಒಂದು ಲೋಟ ಅವರ ಕೈಗಿಟ್ಟು ಎದುರಿಗೇ ನಿಂತಳು. ಕುಡಿದರು. ಮುಂದಿನ ವಾರ ಬಿಡುವಿನ ಹೊತ್ತಿನಲ್ಲಿ ನನ್ನನ್ನು ಬದಿಗೆ ಕರೆದು, ಕೆಫೀರ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಿಮ್ಮ ಹಿರಿಯರಿಗೆ ಆ ರುಚಿ ಆಗಲೇ ತಾಗಿದೆ. ಹೆಂಡತಿಯ ಕೈಯಲ್ಲಿದ್ದ ಬಟ್ಟಲಿನಿಂದ ತಾಗಿದೆ. ಅವರು ಖಂಡಿತ ಕೇಳುತ್ತಾರೆ, ನೀವು ಜೊತೆಯಲ್ಲಿ ನಿಂತಿರಿ ಸಾಕು.

ನಿಮ್ಮ ಸಸ್ಯಾಹಾರಕ್ಕೆ ಒಂದು ಸುಳಿವು: ರೊಮೇನಿಯಾದವರ ಅಂಗಡಿ ಸಿಕ್ಕರೆ ಪೊಟ್ಟಣದ ಮೇಲೆ ‘ದೆ ಪೋಸ್ತ್’ ಎಂದು ಬರೆದದ್ದನ್ನು ಹುಡುಕಿ. ಅವರ ಚರ್ಚಿನ ಉಪವಾಸದ ದಿನಗಳಿಗೆ ಮಾಡಿದ್ದು, ಮಾಂಸ, ಹಾಲು, ಮೊಟ್ಟೆ ಯಾವುದೂ ಇರುವುದಿಲ್ಲ. ಜಾಕುಸ್ಕಾ ಎಂಬ ಸುಟ್ಟ ಬದನೆಕಾಯಿ, ಕೆಂಪು ದೊಣ್ಣೆಮೆಣಸಿನ ಗೊಜ್ಜು ಚಪಾತಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

—

ತುಂಗಾತೀರ, ಪೀಟರ್‌ಬರೋ

ಎಲ್ಲರಿಗೂ ವಂದನೆಗಳು. ಮಂಗಳವಾರ ಹತ್ತೂವರೆಗೆ ಹೋದೆವು. ಅಂಗಡಿಯಲ್ಲಿ ನಾವಿಬ್ಬರೇ. ಅವರು ದಾರಿಯುದ್ದಕ್ಕೂ ‘ಒಗುರ್ಕೋವಾ’ ಎಂದು ಮೆಲ್ಲಗೆ ಹೇಳಿಕೊಂಡೇ ಬಂದರು. ಕೌಂಟರಿನ ಮುಂದೆ ನಿಂತು ಟೋಪಿ ತೆಗೆದು ಹೇಳಿದರು. ಅಲ್ಲಿದ್ದಾಕೆ ಸುಮಾರು ಐವತ್ತರ ಹೆಂಗಸು, ಕೈ ಒರೆಸಿಕೊಂಡು ಹೊರಗೆ ಬಂದು, “ನಿಮಗೆ ಯಾರು ಮಾಡಿಕೊಟ್ಟಿದ್ದರು?” ಎಂದು ಕೇಳಿದರು. ಇವರು ಪತ್ನಿಯ ವಿಷಯ ಹೇಳಿದರು. ಆಕೆ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಜಾಡಿಗಳ ಗೋಡೆಯ ಕಡೆ ಹೋಗದೆ, ಕೌಂಟರಿನ ಹಿಂದಿದ್ದ ಬಕೆಟ್ಟಿನಿಂದ ಆರು ಸೌತೆಕಾಯಿ ತೆಗೆದು, ಮೇಲೆ ಎರಡು ಸೌಟು ಮಬ್ಬು ನೀರನ್ನೂ ಹಾಕಿಕೊಟ್ಟರು. “ಈ ನೀರನ್ನು ಚೆಲ್ಲಬೇಡಿ, ಹುಳಿ ಕಡಿಮೆಯಾದರೆ ಇದನ್ನೇ ಹಾಕಿ” ಎಂದು ಎರಡು ಸಲ ಹೇಳಿದರು.

ಸಾರಿನ ತರಕಾರಿಯ ಕಟ್ಟೊಂದನ್ನೂ ಕೊಟ್ಟರು: ಕ್ಯಾರೆಟ್, ಪಾರ್ಸ್ಲಿ ಬೇರು, ಸೆಲರಿ ಗಡ್ಡೆ, ಲೀಕ್. ಅದಕ್ಕೆ ವ್ವೋಶ್ಚಿಜ್ನಾ ಎನ್ನುತ್ತಾರಂತೆ, ಇಟಲಿಯ ಸಾಮಾನು ಎಂದು ಅರ್ಥ. 1518ರಲ್ಲಿ ಪೋಲೆಂಡಿನ ರಾಜನನ್ನು ಮದುವೆಯಾಗಿ ಬಂದ ಇಟಲಿಯ ಬೋನಾ ಸ್ಫೋರ್ಜಾ ಈ ತರಕಾರಿಗಳನ್ನು ತಂದಳೆಂದು ಅವರಲ್ಲಿ ಪ್ರತೀತಿ. ಇವರು ಕೂಡಲೇ ಇಟ್ಟಿಗೆ ಕಾರ್ಖಾನೆಯ ಇಟಲಿಯವರ ಕಥೆ ತೆಗೆದರು, ಆಲಿವ್ ಎಣ್ಣೆಯ ಸೀಸೆಯೂ ಬಂತು. ಅಷ್ಟರಲ್ಲಿ ಆಕೆ ಒಂದು ಸಣ್ಣ ಪೊಟ್ಟಣ ಮುಂದಿಟ್ಟರು. ‘ಝೆಲೆ ಆಂಗ್ಯೆಲ್ಸ್ಕ್ಯೆ’, ಅಂದರೆ ಇಂಗ್ಲಿಷ್ ಮೂಲಿಕೆ. ಒಡೆದು ನೋಡಿದರೆ ಆಲ್‌ಸ್ಪೈಸ್ ಕಾಳು! ಜಮೈಕಾದ ಈ ಮಸಾಲೆ ಇಂಗ್ಲಿಷರ ವ್ಯಾಪಾರದಿಂದ ತಮ್ಮ ಕಡೆಗೆ ಬಂದದ್ದರಿಂದ ಆ ಹೆಸರು ಎಂದರು. ಇವರು ಪೊಟ್ಟಣವನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ಓದಿದರು.

ಅವರ ಅಡುಗೆಮನೆಯಲ್ಲಿಯೇ ಮಾಡಿದೆವು. ತುರಿದದ್ದು ಅವರು. ಸೌತೆಕಾಯಿ ಬೆಣ್ಣೆಯಲ್ಲಿ ಬಾಡುವಾಗ ಮೊದಲು ಬೆಳ್ಳುಳ್ಳಿಯ ವಾಸನೆ, ಆಮೇಲೆ ಸಬ್ಬಸಿಗೆಯದು, ಕೊನೆಗೆ ಆ ಹುಳಿ. ಆಗ ಅವರು ಒಲೆಯ ಹತ್ತಿರದಿಂದ ಸರಿದು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಹುಳಿಗೆನೆ ಕಲಸುತ್ತಾ ಇದ್ದುಬಿಟ್ಟೆ.

ಪೂರ್ತಿ ಬಟ್ಟಲು ಕುಡಿದರು. “ಇದೇ, ಆದರೆ ಇನ್ನೂ ಸ್ವಲ್ಪ ಏನೋ ಇತ್ತು” ಎಂದರು. ಆ ಹೆಣ್ಣುಮಗಳು ಕೋಳಿಯ ರಸದಲ್ಲಿ ಮಾಡುತ್ತಿದ್ದಿರಬೇಕು, ನಾನು ತರಕಾರಿಯದರಲ್ಲಿ ಮಾಡಿಸಿದೆ. ಹಾಗೆಂದು ಅವರಿಗೆ ಹೇಳಿದೆ. ಗುರುವಾರ ಒಬ್ಬರೇ ಅಂಗಡಿಗೆ ಹೋಗಿ ಬಂದಿದ್ದಾರೆ. ಕೋಳಿ ಹಾಕಿ ತಾವೇ ಮಾಡಿದರಂತೆ, ಈ ಸಲ ಏನೂ ಕಡಿಮೆಯಿರಲಿಲ್ಲವಂತೆ.

ಬರುವಾಗ ನನ್ನ ಬಾಗಿಲಲ್ಲಿ ಒಂದು ಕಟ್ಟು ಸಬ್ಬಸಿಗೆಯನ್ನೂ ಒಂದು ಪೊಟ್ಟಣವನ್ನೂ ಇಟ್ಟು ಹೋಗಿದ್ದರು. ಸಬ್ಬಸಿಗೆ ಅಕ್ಕಿರೊಟ್ಟಿಗೆ ಹೋಯಿತು, ಎರಡು ರೊಟ್ಟಿ ಅವರ ಮನೆಗೂ ಹೋಯಿತು. ಪೊಟ್ಟಣದ ಮೇಲೆ ‘ಕಾಶಾ ಯಾಗ್ಲಾನಾ’ ಎಂದಿದೆ, ಒಳಗೆ ಸಾಸಿವೆಗಿಂತ ಕೊಂಚ ದಪ್ಪನೆಯ ಹಳದಿ ಕಾಳು. ನೋಡಿದರೆ ನಮ್ಮ ಬರಗು ಇದ್ದ ಹಾಗಿದೆ. ಹೌದೇ? ಉಪ್ಪಿಟ್ಟು ಮಾಡಬಹುದೇ?

—

ಶನಿವಾರದ ಗಲ್ಲಾ, ರೀಡಿಂಗ್

ಬರಗೇ, ಅನುಮಾನ ಬೇಡ. ಪೊಟ್ಟಣದ ದಿನಾಂಕ ನೋಡಿಕೊಳ್ಳಿ, ಹಳೆಯದಾದರೆ ಕಹಿಯಾಗುತ್ತದೆ. ಹೊಸದಾದರೂ ಎರಡು ಸಲ ಕುದಿನೀರು ಸುರಿದು ಬಸಿದು, ಬಾಣಲೆಯಲ್ಲಿ ಒಣಗುವಷ್ಟು ಹುರಿದುಕೊಳ್ಳಿ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು. ಒಗ್ಗರಣೆಗೆ ಸಬ್ಬಸಿಗೆ ಉಳಿದಿದ್ದರೆ ಅದನ್ನೂ ಹಾಕಿ.